ಸೇನ್ ಬಗ್ಗೆ ಬರೆಯುತ್ತಿರುವ ತಂಗಿಗೆ

ಪ್ರೀತಿಯ ತಂಗೀ,

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯ ಸಿಪಾಯಿಯಾಗಿ ಸತ್ತ ಜೋಗೇಂದ್ರನಾಥ ಸೇನ್ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆಗೆ ಓಟ ಇದೆ, ಅದು ಎಲ್ಲರಿಗೂ ಸಿಗುವಂಥದ್ದಲ್ಲ. ಆದರೆ ಮೊದಲ ಪುಟವನ್ನು ತೆಗೆದುಹಾಕು, ಬೇಜಾರು ಮಾಡಿಕೊಳ್ಳಬೇಡ. ಪೆಟ್ಟು ತಿಂದು ಬಿದ್ದವನು ಪ್ರಾಣ ಬಿಡುವ ಮೊದಲು ಹೂಗ್ಲಿ ನದಿಯನ್ನೂ ಅಮ್ಮನ ಕೈತುತ್ತನ್ನೂ ನೆನೆದ ಎಂದು ಬರೆದಿದ್ದೀಯಲ್ಲ, ನಿನಗೆ ಯಾರು ಹೇಳಿದರು? ಸತ್ತವರು ಎದ್ದು ಬಂದು ‘ಹಾಗಲ್ಲ’ ಅನ್ನುವುದಿಲ್ಲ ಎಂಬ ಧೈರ್ಯದಿಂದ ನಾವು ಅವರ ಬಾಯಿಗೆ ಏನು ಬೇಕಾದರೂ ತುರುಕುತ್ತೇವೆ.

ಆತನ ವಿಷಯದಲ್ಲಿ ಗೊತ್ತಿರುವುದೇ ಬೇಕಾದಷ್ಟಿದೆ. ಹುಟ್ಟೂರು ಚಂದ್ರನಗರ. ಕಲ್ಕತ್ತದ ಪಕ್ಕದಲ್ಲೇ ಇದ್ದರೂ ಆಗ ಅಲ್ಲಿ ಫ್ರೆಂಚರ ಆಡಳಿತ. 1910ರಲ್ಲಿ ಎಂಜಿನಿಯರಿಂಗ್ ಓದಲು ಇಂಗ್ಲೆಂಡಿನ ಲೀಡ್ಸ್‌ಗೆ ಹೋದ, 1913ರಲ್ಲಿ ಪದವಿ ಪಡೆದ, ಅದೇ ಊರಿನ ನಗರಪಾಲಿಕೆಯ ವಿದ್ಯುತ್ ಕೇಂದ್ರದಲ್ಲಿ ಸಹಾಯಕ ಎಂಜಿನಿಯರ್ ಆದ. 1914ರ ಸೆಪ್ಟೆಂಬರಿನಲ್ಲಿ ‘ಲೀಡ್ಸ್ ಪಾಲ್ಸ್’ ಸೇರಿದ. ಒಂದೇ ಊರಿನ ಗೆಳೆಯರು, ಜೊತೆಗೆ ಕೆಲಸ ಮಾಡುವವರು ಒಟ್ಟಿಗೇ ಸೇರಿ ಒಟ್ಟಿಗೇ ಹೋರಾಡಲಿ ಎಂದು ಕಟ್ಟಿದ ದಳ ಅದು. ಸೇನೆಯ ದಾಖಲೆಯಲ್ಲಿ ವೆಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ 15ನೇ ಬೆಟಾಲಿಯನ್.

ನಿನ್ನ ಲೇಖನದ ಜೀವ ಇಲ್ಲಿದೆ, ನೀನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅದರ ಬದಲು ಅದೇ ಯುದ್ಧದಲ್ಲಿ ಹೈಫಾ ಊರಿನಲ್ಲಿ ಕಾದಿದ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆಯ ಜೊತೆ ಹೋಲಿಸಲು ಒಂದು ಪುಟ ಖರ್ಚು ಮಾಡಿದ್ದೀಯ. ಅವರು ಮಹಾರಾಜರ ಪಡೆಯವರು, ಪಡೆಯಾಗಿಯೇ ಹೋದವರು. ಸೇನ್ ಹಾಗಲ್ಲ. ತಾನು ಸಂಬಳ ಎಣಿಸುತ್ತಿದ್ದ ಊರಿನ ದಳಕ್ಕೆ, ಆ ಊರಿನವನಾಗಿಯೇ ಹೆಸರು ಕೊಟ್ಟ. ಅಲ್ಲಿನ ಗೆಳೆಯರಿಗೆ ಆತ ‘ಜಾನ್ ಸೇನ್’. ಯಾಕೆ ಸೇರಿದ ಎಂದು ನೀನು ತೀರ್ಪು ಕೊಡಬೇಡ. ದೇಶದ್ರೋಹವೂ ಬೇಡ, ಸಾಮ್ರಾಜ್ಯಭಕ್ತಿಯೂ ಬೇಡ. ಕೆಲಸ, ಗೆಳೆಯರು, ದಳ, ಈ ಮೂರನ್ನೂ ಪಕ್ಕಪಕ್ಕದಲ್ಲಿಡು, ಓದುಗ ದಡ್ಡನಲ್ಲ.

ಇನ್ನು ಡಾಲ್ಬಿಯ ಮಾತು. ಅದೇ ದಳದ ಆರ್ಥರ್ ಡಾಲ್ಬಿ ಮುಪ್ಪಿನಲ್ಲಿ, 1988ರಲ್ಲಿ, ಸೇನ್ ಬಗ್ಗೆ ನೆನಪಿಸಿಕೊಂಡ. ಇಡೀ ಬೆಟಾಲಿಯನ್ನಿನಲ್ಲಿ ಆತನಷ್ಟು ಓದಿದವರಿರಲಿಲ್ಲ, ಸುಮಾರು ಏಳು ಭಾಷೆ ಮಾತಾಡುತ್ತಿದ್ದ, ಆದರೂ ಸಿಪಾಯಿಗಿಂತ ಒಂದೇ ಮೆಟ್ಟಿಲು ಮೇಲಿನ ಲ್ಯಾನ್ಸ್ ಕಾರ್ಪೊರಲ್ ಕೂಡ ಮಾಡಲಿಲ್ಲ, ಯಾಕೆಂದರೆ ಬಿಳಿಯರ ಮೇಲೆ ಕರಿಯನೊಬ್ಬ ಅಧಿಕಾರ ಮಾಡುವುದನ್ನು ಆಗ ಒಪ್ಪುತ್ತಿರಲಿಲ್ಲ ಎಂಬ ಅರ್ಥದ ಮಾತು. ಇದರ ಕೆಳಗೆ ನೀನು ವರ್ಣಭೇದದ ಮೇಲೆ ಭಾಷಣ ಮಾಡಿದ್ದೀಯ. ಡಾಲ್ಬಿ ನಾಲ್ಕು ಮಾತಿನಲ್ಲಿ ಮುಗಿಸಿದ್ದನ್ನು ನೀನು ನಲವತ್ತರಲ್ಲಿ ನೀರು ಮಾಡಿದ್ದೀಯ. ತೆಗೆದುಬಿಡು. ಮತ್ತೆ, ಭಾಷೆಗಳ ಲೆಕ್ಕ ಒಬ್ಬ ಮುದುಕನ ನೆನಪು. ‘ಡಾಲ್ಬಿ ಹೇಳಿದಂತೆ’ ಎಂದು ಸೇರಿಸುವುದನ್ನು ಮರೆಯಬೇಡ.

ಸಾವಿನ ಭಾಗವನ್ನು ಊದಿಸಬೇಡ. ಯಾರ್ಕ್‌ಶೈರಿನ ಕೋಲ್ಸ್‌ಟರ್‌ಡೇಲ್‌ನಲ್ಲಿ ತರಬೇತಿ, 1915ರ ಕೊನೆಗೆ ಸೂಯೆಜ್ ಕಾಲುವೆ ಕಾಯಲು ಈಜಿಪ್ಟ್, 1916ರ ಮಾರ್ಚಿನಲ್ಲಿ ಫ್ರಾನ್ಸ್: ಇಷ್ಟಕ್ಕೆ ಒಂದು ಪ್ಯಾರಾ ಸಾಕು. ಮೇ 22ರ ರಾತ್ರಿಯ ಹತ್ತಿರ ಮಾತ್ರ ನಿಧಾನಿಸು. ಎರಡೂ ಕಡೆಯ ಕಂದಕಗಳ ನಡುವಿನ ಬಯಲಿನಲ್ಲಿ, ಕತ್ತಲಲ್ಲಿ, ಮುಳ್ಳುತಂತಿ ಬಿಗಿಯಲು ಹೋದ ತಂಡದಲ್ಲಿ ಸೇನ್ ಇದ್ದ. ಶೆಲ್ ದಾಳಿ ಶುರುವಾಯಿತು. ಮೊದಲು ಕಾಲಿಗೆ ಪೆಟ್ಟು, ಆಮೇಲೆ ಕುತ್ತಿಗೆಗೆ. 28 ವರ್ಷ. ನೀನು ಇದನ್ನು ‘ಸೊಮ್ ಮಹಾಸಮರದ ವೀರಮರಣ’ ಎಂದಿದ್ದೀಯ. ಫ್ರಾನ್ಸಿನ ಸೊಮ್ ನದಿಯ ಬಳಿಯ ಆ ಕದನ ಶುರುವಾಗಿದ್ದು ಜುಲೈ 1ಕ್ಕೆ. ಬ್ರಿಟಿಷ್ ಸೇನೆಯ 19,240 ಮಂದಿ ಸತ್ತ ಆ ಮೊದಲ ದಿನವೇ ಲೀಡ್ಸ್ ಪಾಲ್ಸ್ ಸೆರ್ ಹಳ್ಳಿಯ ಮುಂದೆ ನೆಲಕಚ್ಚಿತು. ಸೇನ್ ಅದಕ್ಕೂ 40 ದಿನ ಮೊದಲೇ ಹೋದ. ಮುನ್ನುಗ್ಗುವ ಸೀಟಿಯಿಲ್ಲ, ದಾಳಿಯಿಲ್ಲ. ತಂತಿ ಬಿಗಿಯುವ ಕೆಲಸ, ಅದೂ ವಿದ್ಯುತ್ ಎಂಜಿನಿಯರ್ ಒಬ್ಬನಿಗೆ. ಈ ವ್ಯಂಗ್ಯವನ್ನು ಬೆರಳಿಟ್ಟು ತೋರಿಸಬೇಡ, ಆತನ ಉದ್ಯೋಗವನ್ನು ಹಿಂದೆಯೇ ಸರಿಯಾಗಿ ಹೇಳಿದ್ದರೆ ತಾನಾಗಿ ತಟ್ಟುತ್ತದೆ.

ಮನೆಗೆ ಮರಳಿದ ಸಾಮಾನು ಚಂದ್ರನಗರದ ಸಂಗ್ರಹಾಲಯದಲ್ಲಿದೆ. ವಿದ್ವಾಂಸ ಶಾಂತನು ದಾಸ್ 2005ರಲ್ಲಿ ಅಲ್ಲಿ ರಕ್ತದ ಕಲೆಯ ಕನ್ನಡಕ ಕಂಡ ಮೇಲೆಯೇ ಸೇನ್ ಹೆಸರು ಮತ್ತೆ ಓಡಾಡತೊಡಗಿದ್ದು. ಎಲ್ಲರೂ ಕನ್ನಡಕದಲ್ಲೇ ನಿಂತುಬಿಡುತ್ತಾರೆ, ನೀನೂ ನಿಂತಿದ್ದೀಯ. ಜೊತೆಗೆ ‘ಸಿಸ್’ ಎಂಬಾಕೆ ಪ್ರೀತಿಯಿಂದ ಕೊಟ್ಟ ಒಂದು ಪುಟ್ಟ ಪುಸ್ತಕವೂ ಇದೆ. ನನಗೆ ಅದೇ ಹೆಚ್ಚು. ಸಾವನ್ನು ಕನ್ನಡಕ ಹೇಳುತ್ತದೆ, ಆದರೆ ಆತನಿಗೆ ಲೀಡ್ಸ್‌ನಲ್ಲಿ ಒಂದು ಬದುಕಿತ್ತು ಎನ್ನಲು ಈ ಪುಸ್ತಕ ಬೇಕು. ಹಾಗಂತ ಪ್ರೇಮಕಥೆ ಹೆಣೆಯಲು ಹೋಗಬೇಡ ಮತ್ತೆ!

ಸಾಧ್ಯವಾದರೆ ಒಮ್ಮೆ ಹೋಗಿಯೇ ಬಾ. ಹೌರಾದಿಂದ ಲೋಕಲ್ ರೈಲು ಸಿಗುತ್ತದೆ. ಸಂಗ್ರಹಾಲಯಕ್ಕೆ ಯಾವತ್ತು ರಜೆ ಎಂದು ಹೊರಡುವ ಮೊದಲೇ ವಿಚಾರಿಸಿಕೊ, ಫೋಟೊ ತೆಗೆಯಲು ಅನುಮತಿ ಬೇಕೇ ಎಂದೂ ಕೇಳು. ಬಂದ ಮೇಲೆ ಹೊಸ ಕರಡು ಕಳಿಸು.

ಇಂತಿ,
ನಿನ್ನ ಅಣ್ಣ