ಇಲಿ ಎಂಬ ಮಾತು ಮೊದಲ ಸಾಲಿನಲ್ಲೇ ಬರಲಿ

ಬೆಂಗಳೂರು

ಪ್ರಿಯ ಕಿರಿಯ ಮಿತ್ರರೇ,

ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ತಲೆಗೆ ಪೆಟ್ಟು ಬಿದ್ದು ಮಂಕಾದ ನೆನಪಿನ ಶಕ್ತಿಯನ್ನು ಒಂದು ರಾಸಾಯನಿಕ ಮರಳಿ ತಂದ ಸಂಗತಿಯನ್ನು ಬರೆದಿದ್ದೀರಿ. ಭಾಷೆ ಸರಾಗವಾಗಿದೆ, ಎಲ್ಲೂ ಎಡವುವುದಿಲ್ಲ. ಆದರೆ ತಲೆಬರಹ ‘ಮರೆವಿಗೆ ಕೊನೆಗೂ ಸಿಕ್ಕಿತು ಮದ್ದು’ ಎಂದಿದೆ. ಪ್ರಯೋಗ ನಡೆದದ್ದು ಇಲಿಗಳ ಮೇಲೆ ಎಂಬ ಮಾತು ಬರುವುದು ಕಟ್ಟಕಡೆಯ ಪ್ಯಾರಾದಲ್ಲಿ. ಇದನ್ನು ಸರಿಪಡಿಸದೆ ದಯವಿಟ್ಟು ಪ್ರಕಟಣೆಗೆ ಕೊಡಬೇಡಿ.

ಯಾಕೆ ಇಷ್ಟು ಪಟ್ಟು ಹಿಡಿಯುತ್ತೇನೆ ಎಂದರೆ, ಇಂಥ ಬರಹವನ್ನು ಯಾರು ಓದುತ್ತಾರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ಗೆ ಒಮ್ಮೆ ಬೆಳಿಗ್ಗೆ ಹೋಗಿ ಹೊರರೋಗಿಗಳ ವಿಭಾಗದ ಬಳಿ ಕುಳಿತು ನೋಡಿ. ರಾಯಚೂರಿನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸಿಗೆ ಹೊರಟು ಬಂದವರಿರುತ್ತಾರೆ. ಕೈಯಲ್ಲಿ ಸ್ಕ್ಯಾನ್ ಫಿಲ್ಮಿನ ದೊಡ್ಡ ಕವರು. ಮೂಲೆಗಳು ಮುದುಡಿ, ಮೇಲೆ ಬರೆದ ಹೆಸರು ಅರ್ಧ ಅಳಿಸಿರುತ್ತದೆ. ಬೈಕಿನಿಂದ ಬಿದ್ದ ಗಂಡನನ್ನು ಕರೆತಂದಿದ್ದ ಒಬ್ಬ ಹೆಣ್ಣುಮಗಳು ಅಲ್ಲಿ ನನ್ನ ಪಕ್ಕ ಕುಳಿತಿದ್ದರು. ಬೆಳಿಗ್ಗೆ ತಿಂಡಿ ತಿಂದದ್ದು ಗಂಡನಿಗೆ ಮಧ್ಯಾಹ್ನ ನೆನಪಿರುವುದಿಲ್ಲವಂತೆ. ಯಾರೋ ವಾಟ್ಸಾಪ್‌ನಲ್ಲಿ ಕಳುಹಿಸಿದ ಕನ್ನಡ ಲೇಖನವೊಂದನ್ನು ಮೊಬೈಲ್‌ನಲ್ಲಿ ತೆಗೆದು, ‘ಅಣ್ಣಾ, ಈ ಮಾತ್ರೆ ಇಲ್ಲಿ ಕೊಡುತ್ತಾರೆಯೇ, ಹೊರಗೆ ಬರೆದುಕೊಡುತ್ತಾರೆಯೇ?’ ಎಂದು ಕೇಳಿದರು. ಲೇಖನವನ್ನು ಕೆಳಗಿನವರೆಗೂ ಸರಿಸಿದೆ. ಅಲ್ಲಿಯೂ ಇಲಿ ಕೊನೆಯಲ್ಲಿತ್ತು. ಅದನ್ನು ಅವರಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಅದು ಬರೆದವರೇ ಮಾಡಬೇಕಿದ್ದ ಕೆಲಸ.

ಹಾಗೆಂದು ಆ ಸಂಶೋಧನೆಯ ಸೊಬಗನ್ನು ಮುಚ್ಚಿಡಿ ಎನ್ನುತ್ತಿಲ್ಲ. ನೀವು ಬರೆದಿರುವ ಇಸ್ರಿಬ್ ಎಂಬ ಅಣುವಿನ ಕಥೆ ನಿಜಕ್ಕೂ ದೊಡ್ಡದು. ಪೆಟ್ಟು ಬಿದ್ದ ಮಿದುಳಿನ ಕೋಶಗಳು ಒತ್ತಡಕ್ಕೆ ಸಿಲುಕಿ ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತವೆ. ಹೊಸ ನೆನಪು ಬಹುಕಾಲ ಉಳಿಯಬೇಕಾದರೆ ಹೊಸ ಪ್ರೋಟೀನ್ ಬೇಕೇ ಬೇಕು. 2017ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಆ ತಡೆಯನ್ನು ಈ ಅಣುವಿನಿಂದ ತೆರವು ಮಾಡಿದಾಗ, ಗಾಯವಾಗಿ ಸುಮಾರು ನಾಲ್ಕು ವಾರ ಕಳೆದಿದ್ದ ಇಲಿಗಳು ಮತ್ತೆ ಕಲಿಯತೊಡಗಿದವು. ಪೆಟ್ಟಾಗಿ ಅಷ್ಟು ದಿನ ಆದ ಮೇಲೂ ಏನಾದರೂ ಮಾಡಲು ಸಾಧ್ಯ ಎಂಬುದೇ ಇಲ್ಲಿನ ಬೆರಗು. ಆ ಬೆರಗನ್ನು ಪೂರ್ತಿಯಾಗಿ ಬರೆಯಿರಿ. ‘ಇಲಿಗಳಲ್ಲಿ’ ಎಂಬ ಪದವನ್ನು ತಲೆಬರಹಕ್ಕೇ ಸೇರಿಸಿ.

ಇಲಿಯಿಂದ ಮನುಷ್ಯನವರೆಗಿನ ದಾರಿ ಎಷ್ಟು ದೂರ ಎಂದು ತಿಳಿಯಬೇಕಾದರೆ ಫ್ರಜೈಲ್ ಎಕ್ಸ್ ಎಂಬ ಬೆಳವಣಿಗೆಯ ತೊಂದರೆಯ ಚರಿತ್ರೆಯನ್ನು ಓದಿಕೊಳ್ಳಿ. ಎಕ್ಸ್ ವರ್ಣತಂತುವಿನ ಒಂದು ಜೀನ್‌ನಲ್ಲಿ ಡಿಎನ್‌ಎಯ ಮೂರು ಅಕ್ಷರಗಳ ತುಣುಕೊಂದು 200ಕ್ಕಿಂತ ಹೆಚ್ಚು ಬಾರಿ ಮರುಕಳಿಸಿದಾಗ ಆ ಜೀನ್ ಮೌನವಾಗುತ್ತದೆ. ಮಗುವಿಗೆ ಬುದ್ಧಿಯ ಬೆಳವಣಿಗೆ ಕುಂಠಿತವಾಗಬಹುದು, ಆಟಿಸಂನ ಲಕ್ಷಣಗಳೂ ಕಾಣಿಸಬಹುದು. ಜೀನ್ ಸಿಕ್ಕಿದ್ದು 1991ರಲ್ಲಿ. ಅದು ಮೌನವಾದಾಗ ನರಕೋಶಗಳಲ್ಲಿ ಸಂಕೇತಗಳನ್ನು ಸ್ವೀಕರಿಸುವ ಒಂದು ಬಗೆಯ ಗ್ರಾಹಕ (ರಿಸೆಪ್ಟರ್) ಅತಿಯಾಗಿ ಕೆಲಸ ಮಾಡುತ್ತದೆ ಎಂಬ ವಾದ 2004ರಲ್ಲಿ ಬಂತು. ಅದನ್ನು ತಗ್ಗಿಸಿದಾಗ ಇಲಿಗಳು ಎಷ್ಟೋ ಸುಧಾರಿಸಿದವು. ಜಗತ್ತಿನ ಹಲವೆಡೆ ತಂದೆತಾಯಿಗಳು ಉಸಿರು ಬಿಗಿಹಿಡಿದು ಕಾದರು. ಹದಿಹರೆಯದವರಿಗೆ, ವಯಸ್ಕರಿಗೆ ಮಾವೊಗ್ಲುರಾಂಟ್ ಎಂಬ ಔಷಧವನ್ನು ಕೊಟ್ಟು ನೋಡಿದಾಗ ಅದು ಔಷಧವೇ ಇಲ್ಲದ ಹುಸಿಮಾತ್ರೆಗಿಂತ ಮೇಲು ಎಂದು ಕಂಡುಬರಲಿಲ್ಲ. 2014ರಲ್ಲಿ ಕಂಪನಿ ಆ ಪ್ರಯತ್ನವನ್ನು ಕೈಬಿಟ್ಟಿತು.

ಗೆದ್ದ ಇಲಿಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ, ಸೋತ ಔಷಧದ ಬಗ್ಗೆ ಕನ್ನಡದಲ್ಲಿ ನಾನು ಓದಿದ್ದು ತೀರಾ ಕಡಿಮೆ. ನೀವು ಅದನ್ನೂ ಬರೆಯಿರಿ. ಆ ಸೋಲು ತಿಳಿಯದ ತಂದೆತಾಯಿ ಇನ್ನೂ ಹಳೆಯ ಸುದ್ದಿಯನ್ನೇ ಹಿಡಿದು ಕುಳಿತಿರಬಹುದು.

ಹೆಚ್ಚಾಗಿ ಹೆಣ್ಣುಮಕ್ಕಳಲ್ಲಿ ಕಾಣುವ, ಮಿದುಳಿನ ಬೆಳವಣಿಗೆಯ ಇನ್ನೊಂದು ತೊಂದರೆಯಾದ ರೆಟ್ ಸಿಂಡ್ರೋಮ್‌ನ ಕಥೆ ಬೇರೆ ದಾರಿ ಹಿಡಿಯಿತು. ಅದರ ಜೀನ್ ಪತ್ತೆಯಾದದ್ದು 1999ರಲ್ಲಿ. 2007ರಲ್ಲಿ ಆ ಜೀನ್‌ಗೆ ಮರಳಿ ಜೀವ ತುಂಬಿದಾಗ ಕಾಯಿಲೆಯ ಇಲಿಗಳು ಚೇತರಿಸಿಕೊಂಡವು. ಮನುಷ್ಯರಿಗೆಂದು ಮೊದಲ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2023ರಲ್ಲಿ. ಅದೂ ಜೀನ್ ಸರಿಪಡಿಸುವ ಔಷಧವಲ್ಲ, ಕೆಲವು ಲಕ್ಷಣಗಳನ್ನು ಹಗುರ ಮಾಡುವಂಥದ್ದು. ಇಷ್ಟನ್ನು ನೇರವಾಗಿ ಹೇಳಿದರೆ ಓದುಗರ ಭರವಸೆ ಕುಗ್ಗುವುದಿಲ್ಲ, ಅದಕ್ಕೊಂದು ನೆಲೆ ಸಿಗುತ್ತದೆ.

ಇನ್ನು ಧೈರ್ಯವಾಗಿ, ದೊಡ್ಡ ಅಕ್ಷರಗಳಲ್ಲೇ ಬರೆಯಬಹುದಾದ ಒಂದು ಸಂಶೋಧನೆ ಇದೆ. 2024ರಲ್ಲಿ ಪ್ರಕಟವಾದದ್ದು, ಮನುಷ್ಯರ ಮೇಲೆಯೇ ನಡೆದದ್ದು. ಮಿದುಳಿಗೆ ಹಾನಿಯಾಗಿ, ಹಾಸಿಗೆಯ ಪಕ್ಕ ನಿಂತು ಏನು ಹೇಳಿದರೂ ಕಣ್ಣು, ಕೈ ಯಾವುದರಿಂದಲೂ ಓಗೊಡದ 241 ಮಂದಿಯನ್ನು ಹಲವು ದೇಶಗಳ ವೈದ್ಯರು ಪರೀಕ್ಷಿಸಿದರು. ಕೈಯನ್ನು ಬಿಗಿಹಿಡಿದು ಬಿಡುವುದನ್ನೋ, ಟೆನಿಸ್ ಆಡುವುದನ್ನೋ ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಲು ಹೇಳಿ ಮಿದುಳಿನ ಚಟುವಟಿಕೆಯನ್ನು ಅಳೆದರು. 60 ಜನರ ಮಿದುಳು, ಅಂದರೆ ನಾಲ್ವರಲ್ಲಿ ಒಬ್ಬರದು, ಹೇಳಿದ ಹಾಗೆ ಕೆಲಸ ಮಾಡಿತ್ತು. ಎಲ್ಲರೂ ಚೇತರಿಸಿಕೊಳ್ಳುತ್ತಾರೆ ಎಂದು ಇದರ ಅರ್ಥವಲ್ಲ. ಇಂಥ ಪರೀಕ್ಷೆ ಎಲ್ಲ ಆಸ್ಪತ್ರೆಗಳಲ್ಲಿ ಆಗುವಂಥದ್ದೂ ಅಲ್ಲ. ಆದರೆ ಮಂಚದ ಪಕ್ಕ ನಿಂತು ‘ಇವನಿಗೆ ಏನೂ ಗೊತ್ತಾಗುವುದಿಲ್ಲ’ ಎಂದು ನೆಂಟರು ಮಾತನಾಡಿಕೊಳ್ಳುವ ಪ್ರತಿ ಮನೆಗೂ ಈ ವಿಷಯ ತಲುಪಬೇಕು. ಹೆಂಡತಿ ಹತ್ತಿರ ಕುಳಿತು ಊರಿನ ಸುದ್ದಿ ಹೇಳಲಿ, ಮಗಳು ಶಾಲೆಯ ಪಾಠ ಒಪ್ಪಿಸಲಿ. ಅದಕ್ಕೆ ಯಾರ ಚೀಟಿಯೂ ಬೇಡ. ಮಿದುಳಿನ ಬಗ್ಗೆ ಬರೆಯಲು ನನಗೆ ಇಂದಿಗೂ ಆಸೆ ಹುಟ್ಟಿಸುವುದು ಇಂಥ ವಿಷಯವೇ.

ಇನ್ನೊಂದು ಮಾತು. ಲೇಖನದ ನಡುವೆ ‘ಎಚ್.ಎಂ. ಎಂಬ ಪ್ರಸಿದ್ಧ ಕೇಸ್’ ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಅವರ ಹೆಸರು ಹೆನ್ರಿ ಮೊಲೈಸನ್. ಅಪಸ್ಮಾರ ತಡೆಯಲೆಂದು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯಲ್ಲಿ, ಹೊಸ ನೆನಪು ರೂಪಿಸುವ ಹಿಪೊಕ್ಯಾಂಪಸ್ ಎಂಬ ಭಾಗದ ಬಹುಪಾಲನ್ನು ತೆಗೆದುಹಾಕಿದರು. ಅಂದಿನಿಂದ ಹೊಸದೇನೂ ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಕನ್ನಡಿಯಲ್ಲಿ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಪರೀಕ್ಷೆಯನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರಿಗೆ ಕೊಟ್ಟರು. ದಿನದಿಂದ ದಿನಕ್ಕೆ ಕೈ ಪಳಗಿತು. ಇದನ್ನು ಹಿಂದೆ ಮಾಡಿದ್ದೇನೆ ಎಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. ನೆನಪು ಒಂದೇ ಬಗೆಯದಲ್ಲ ಎಂದು ಜಗತ್ತು ಕಲಿತದ್ದು ಆ ಕೈಯಿಂದ. ಪದಬಂಧ ಬಿಡಿಸುವುದೆಂದರೆ ಅವರಿಗೆ ಬಲು ಪ್ರೀತಿ. 2008ರಲ್ಲಿ ತೀರಿಕೊಂಡರು, ಪೂರ್ತಿ ಹೆಸರು ಹೊರಜಗತ್ತಿಗೆ ಗೊತ್ತಾದದ್ದು ಆಗಲೇ. ಅವರಿಗೆ ಒಂದು ಇಡೀ ಪ್ಯಾರಾ ಕೊಡಿ.

ಕೊನೆಗೆ, ಮುಂದಿನ ಲೇಖನಕ್ಕೆ ವಿದೇಶದತ್ತಲೇ ನೋಡಬೇಕಾಗಿಲ್ಲ. ದೀರ್ಘಕಾಲದ ಒತ್ತಡ ಹಿಪೊಕ್ಯಾಂಪಸ್‌ನ ನರಕೋಶಗಳ ಕವಲುಗಳನ್ನು ಕುಗ್ಗಿಸುತ್ತದೆ, ಭಯದ ಕೇಂದ್ರವಾದ ಅಮಿಗ್ಡಲದಲ್ಲಿ ಅವನ್ನೇ ಬೆಳೆಸುತ್ತದೆ ಎಂದು 2002ರಲ್ಲಿ ತೋರಿಸಿದ್ದು ನಮ್ಮದೇ ಊರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಪ್ರಯೋಗಾಲಯ (ಇದೂ ಇಲಿಗಳಲ್ಲಿ). ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪಿನ ಶಕ್ತಿಯನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನ ನಡೆಸುತ್ತಿದ್ದಾರೆ. ಮಾವಿನ ತೋಟಗಳ ನಡುವೆ ಕನ್ನಡ, ತೆಲುಗು ಎರಡನ್ನೂ ಆಡುವ ಆ ಹಿರಿಯರು ಪರೀಕ್ಷೆಯ ಪ್ರಶ್ನೆಗಳಿಗೆ ಹೇಗೆ ಉತ್ತರಿಸುತ್ತಾರೆ, ತಪಾಸಣೆಗೆ ಏಕೆ ಒಪ್ಪಿದರು ಎಂದು ಅವರ ಬಾಯಿಂದಲೇ ಕೇಳಿ ಬರೆಯಿರಿ. ಅನುಮತಿ ಪಡೆದು ಹೊರಡುವ ಮುನ್ನ ನನಗೆ ತಿಳಿಸಿ, ಜೊತೆಗೆ ನಾನೂ ಬರುತ್ತೇನೆ.

ಪ್ರೀತಿಯಿಂದ,
ನಿಮ್ಮ ಹಿರಿಯ ಮಿತ್ರ