ಹಿಮದಲ್ಲಿ ನಿಂತ ನಿನ್ನ ಸೈನಿಕ

ತೀರ್ಥಹಳ್ಳಿ,
ಎಳ್ಳಮಾವಾಸ್ಯೆ ಜಾತ್ರೆಯ ಮರುದಿನ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಟೊರಾಂಟೊದಿಂದ ನೀನು ಕಳಿಸಿದ ಚಿತ್ರ ನೋಡಿದೆ. ಹಿಮದಲ್ಲಿ ಮಂಡಿಯೂರಿ ಬಂದೂಕು ಹಿಡಿದಿರುವ ಆ ಹಸಿರು ಆಟಿಕೆ ಸೈನಿಕನ ಗುರುತು ತಕ್ಷಣ ಸಿಕ್ಕಿತು. ಇದೇ ಜಾತ್ರೆಯಲ್ಲಿ, ಬೆಂಡು ಬತ್ತಾಸಿನ ಅಂಗಡಿಯ ಪಕ್ಕ ನಿಂತು, ಗೊಂಬೆ ಬೇಡ ಸೈನಿಕರೇ ಬೇಕೆಂದು ನೀನು ಹಟ ಹಿಡಿದು ತೆಗೆಸಿಕೊಂಡವನು ಅವನು. ಬಂದೂಕಿನ ತುದಿ ಬಾಗಿದ್ದು ನೀನು ಅವನನ್ನು ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟು ಮರೆತ ದಿನ.

ಕಣ್ಣಿಗೆ ಅಷ್ಟು ಬೆಳ್ಳಗಿದ್ದ ಹಿಮ ಚಿತ್ರದಲ್ಲಿ ಯಾಕೆ ಬೂದಿಯಂತೆ ಬಂತು ಎಂದು ಕೇಳಿದ್ದೀಯ. ತಪ್ಪು ನಿನ್ನದಲ್ಲ. ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ಒಟ್ಟಾರೆ ನಡುಬೂದು ಬಣ್ಣವೆಂದೇ ಎಣಿಸುತ್ತದೆ. ಚೌಕಟ್ಟಿನ ತುಂಬ ಬಿಳಿಯಿದ್ದರೆ ಬೆಳಕು ಹೆಚ್ಚಾಯಿತೆಂದು ತಾನೇ ತಗ್ಗಿಸಿಬಿಡುತ್ತದೆ. ನೀನು ಅದರ ಮಾತು ಮೀರಬೇಕು. ಮೀಟರ್ ಹೇಳಿದ್ದಕ್ಕಿಂತ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಎಕ್ಸ್‌ಪೋಷರ್ ಕಾಂಪನ್ಸೇಷನ್ ಅನ್ನು ಒಂದು ಸ್ಟಾಪ್‌ನಿಂದ (ಎಂದರೆ ಬೆಳಕು ಎರಡು ಪಟ್ಟು) ಎರಡರವರೆಗೆ ಏರಿಸುತ್ತ ಹೋಗು. ಹಿಮದ ಕಣಗಳ ಗುರುತು ಅಳಿಸಿಹೋಗುವ ಮುನ್ನ ನಿಲ್ಲಿಸು. ಬಿಳಿ ಪಂಚೆ, ಬಿಳಿ ಶಲ್ಯದ ಮದುಮಗ ಬಿಳಿ ಗೋಡೆಯೆದುರು ನಿಂತಾಗ ನಾನು ಮಾಡುತ್ತಿದ್ದದ್ದೂ ಇದನ್ನೇ. ನೆರಳು ನೀಲಿಯಾಗಿದೆಯೆಂದು ತಿದ್ದಲು ಹೋಗಬೇಡ. ಬಿಸಿಲು ತಾಗದ ಹಿಮಕ್ಕೆ ಆಕಾಶದ ಬೆಳಕಷ್ಟೇ ಸಿಗುತ್ತದೆ. ನೋಡುವವರಿಗೆ ಚಳಿ ತಟ್ಟುವುದೇ ಆ ನೀಲಿಯಿಂದ.

ಬೆಳಕಿನ ವಿಷಯದಲ್ಲಿ ನೀನು ಪುಣ್ಯವಂತೆ. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ನಡುಮಧ್ಯಾಹ್ನದ ಸೂರ್ಯ ಸುಮಾರು 53 ಡಿಗ್ರಿ ಮೇಲೇರಿದರೆ, ಅಲ್ಲಿ ಬರೀ 23 ಡಿಗ್ರಿ. ನಾವು ಬೆಳಿಗ್ಗೆ ಇಬ್ಬನಿ ಆರುವುದರೊಳಗೆ ಓಡಿಹೋಗಿ ಹಿಡಿಯಬೇಕಾದ ಓರೆ ಬಿಸಿಲು ನಿನಗೆ ಮಧ್ಯಾಹ್ನವೂ ಸಿಗುತ್ತದೆ.

ನನಗೆ ಕೊರತೆಯೆನ್ನಿಸಿದ್ದು ಬೇರೆ. ಈ ಚಿತ್ರವನ್ನು ನೀನು ನಿಂತೇ ತೆಗೆದಿದ್ದೀಯ. ಎರಡು ಇಂಚಿನ ಸೈನಿಕನನ್ನು ಮೇಲಿನಿಂದ ನೋಡಿದರೆ ಅವನು ಆಟಿಕೆಯಾಗಿಯೇ ಉಳಿಯುತ್ತಾನೆ. ನೆನಪಿದೆಯೇ, ಬೇಸಿಗೆ ರಜೆಯಲ್ಲಿ ನೀನು ಅಂಗಳದ ತುಂಬ ಬೂರುಗದ ಹತ್ತಿ ಹರಡಿ ಹಿಮ ಬಿದ್ದಿದೆ ಎನ್ನುತ್ತಿದ್ದೆ. ಸಗಣಿ ಸಾರಿಸಿದ ನೆಲಕ್ಕೆ ಗಲ್ಲ ಒತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ನನ್ನ ಹಳೆಯ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದೆ. ಆ ಚಿತ್ರಗಳು ಮಸುಕಾಗಿದ್ದವು, ಆದರೆ ಅವುಗಳಲ್ಲಿ ಸೈನಿಕರು ದಂಡೆತ್ತಿ ಹೊರಟಿದ್ದರು. ಪುಟ್ಟಿ, ಮತ್ತೆ ಹಾಗೆಯೇ ಮಲಗು. ಪ್ಲಾಸ್ಟಿಕ್ ಹಾಳೆಯೊಂದನ್ನು ಹಾಸಿಕೊಂಡು, ಕ್ಯಾಮೆರಾವನ್ನು ಹಿಮಕ್ಕೆ ತಾಗುವಷ್ಟು ಇಳಿಸಿ, ಅವನ ಕಣ್ಣಿನ ಮಟ್ಟಕ್ಕೆ ಬಾ. ಒಂದು ಗೇಣಿನ ಹಿಮದ ದಿಬ್ಬ ನಮ್ಮ ಕುಂದಾದ್ರಿ ಬೆಟ್ಟವಾಗುತ್ತದೆ, ಒಣಗಿದ ಹುಲ್ಲುಕಡ್ಡಿ ಮರವಾಗುತ್ತದೆ. ಅಷ್ಟು ಹತ್ತಿರದಲ್ಲಿ ಫೋಕಸ್ ನಿಲ್ಲುವ ಆಳ ಬಹಳ ಕಡಿಮೆ. ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು, ಅಂದರೆ ಅಪರ್ಚರನ್ನು, 8 ಅಥವಾ 11ಕ್ಕೆ ಕಿರಿದಾಗಿಸಿಟ್ಟು ಮುಖದ ಮೇಲೆ ಫೋಕಸ್ ಮಾಡು. ದಪ್ಪ ಚಕ್ಕೆಗಳು ಬೀಳುವಾಗ ಬೇಡ, ಒಂದೊಂದೂ ಅವನ ಹೆಲ್ಮೆಟ್‌ನಷ್ಟು ಕಾಣುತ್ತದೆ. ಹಿಟ್ಟಿನಂತೆ ನುಣ್ಣಗೆ ಉದುರುವ ದಿನಕ್ಕೆ ಕಾದಿರು.

ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟುಕೋ. ಒಳಗೆ ಬರುವ ಮುನ್ನ, ಹೊರಗಿರುವಾಗಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಕಟ್ಟು. ಮನೆಯ ಬಿಸಿಗೆ ಅದು ಹೊಂದಿಕೊಂಡ ಮೇಲೆ, ಒಂದೆರಡು ಗಂಟೆ ಬಿಟ್ಟು ಬಿಚ್ಚು. ಅಲ್ಲಿಯವರೆಗೆ ಬೆವರುವುದು ಚೀಲವೇ ಹೊರತು ಲೆನ್ಸ್ ಅಲ್ಲ. ನನ್ನ ಮೊದಲ ಲೆನ್ಸ್ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಹೋದದ್ದು ನೀನೇ ನೋಡಿದ್ದೀಯ. ಅದರೊಳಗೆ ಜೇಡರಬಲೆಯಂತೆ ಹಬ್ಬಿದ್ದ ಬಿಳಿ ಎಳೆಗಳು ಈಗಲೂ ಕಣ್ಣ ಮುಂದಿವೆ.

ಹೊಸ ಚಿತ್ರವನ್ನು ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿಸಿ ಕಳಿಸಬೇಡ, ಇಮೇಲಿಗೆ ಪೂರ್ತಿ ಅಳತೆಯದನ್ನೇ ಹಾಕು. ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸುತ್ತೇನೆ. ಜಗುಲಿಯ ಗೋಡೆಯಲ್ಲಿ ಅಮ್ಮ ಆಗಲೇ ಮೊಳೆ ಹೊಡೆಸಿದ್ದಾಳೆ.

ನಿನ್ನ
ಅಪ್ಪ