ಹಣ್ಣು ಚಿತ್ರದಲ್ಲಿದ್ದರೆ ಸಾಲದು, ಡಬ್ಬಿಯೊಳಗೂ ಇರಬೇಕು

ಮಾನ್ಯ ಸಂಪಾದಕರೇ,

ಪೇಟೆಯ ಅಂಗಡಿಗಳಲ್ಲಿ ಈಗ ಹಣ್ಣಿನ ಸ್ವಾದದ ಗ್ರೀನ್ ಟೀ ಡಬ್ಬಿಗಳದೇ ಸಾಲು. ಮೇಲೆ ಸ್ಟ್ರಾಬೆರಿ, ಪೀಚ್, ದಾಳಿಂಬೆಗಳ ರಸ ಚಿಮ್ಮುವ ಚಿತ್ರ. ಪಕ್ಕದಲ್ಲಿ ತೂಕ ಇಳಿಸುವ, ದೇಹ ಶುದ್ಧಿ ಮಾಡುವ ಭರವಸೆ. ಬೆಂಗಳೂರಿನಲ್ಲಿರುವ ಮಗಳು ತಂದ ಅಂಥದೊಂದು ಡಬ್ಬಿಯನ್ನು ಬಿಳಿ ಹಾಳೆಯ ಮೇಲೆ ಸುರಿದು ನೋಡಿದೆ. ಸುರುಟಿದ ಹಸಿರೆಲೆ, ಕೆಂಪು ಪುಂಡಿಯ ಒಣಗಿದ ಹುಳಿ ಎಸಳು, ಸೇಬಿನ ನಾಲ್ಕಾರು ಚೂರು. ಸ್ಟ್ರಾಬೆರಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಿಂಬದಿಯ ಪದಾರ್ಥಗಳ ಪಟ್ಟಿಯ ತುದಿಯಲ್ಲಿ ಸ್ಟ್ರಾಬೆರಿ ಫ್ಲೇವರ್ ಎಂದಿತ್ತು. ಅದರ ಹಿಂದೆಯೇ ಗಾರ್ಸಿನಿಯಾ ಸಾರ. ಆ ಕೊನೆಯ ಹೆಸರು ಕಂಡ ಮೇಲೆ ಸುಮ್ಮನಿರಲಾಗದೆ ಈ ಪತ್ರ ಬರೆಯುತ್ತಿದ್ದೇನೆ.

ತೂಕ ಇಳಿಸುವ ಮಾತಿನೊಡನೆ ಮಾರಾಟವಾಗುವ ಗಾರ್ಸಿನಿಯಾ ನಮ್ಮ ಶಿರಸಿ-ಸಿದ್ದಾಪುರದ ಕಾಡಿನ ಉಪ್ಪಾಗೆ. ಇದರ ಸಿಪ್ಪೆ ಹುಳಿಗೆ, ಬೀಜ ತುಪ್ಪಕ್ಕೆ. ಕೊಡಗಿನವರು ಕಾಚಂಪುಳಿ ಎಂಬ ಕಪ್ಪು ಹುಳಿರಸ ಇಳಿಸುವುದೂ ಇದೇ ಹಣ್ಣಿನಿಂದ. ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಬೊಜ್ಜು ಕರಗಿಸುತ್ತದೆ ಎಂಬ ಸುದ್ದಿ ಹಬ್ಬಿ, 1990ರ ದಶಕದಲ್ಲಿ ವಿದೇಶದ ಬೇಡಿಕೆ ಒಮ್ಮೆಲೇ ಏರಿತು. ಉಪ್ಪಾಗೆ ಹಣ್ಣಾಗುವುದು ಮಳೆಗಾಲದ ನಡುವೆ. ಬಿಸಿಲಿಲ್ಲದ ಆ ದಿನಗಳಲ್ಲಿ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು. ಹಾಗಾಗಿ ಹಣ್ಣಿನ ಜೊತೆಗೆ ಕಾಡಿನ ಕಟ್ಟಿಗೆಯೂ ಹೊರೆ ಹೊರೆಯಾಗಿ ಒಲೆ ಸೇರಿತು. ಬೇರೆಯವರು ಕೊಯ್ದುಕೊಂಡು ಹೋದಾರೆಂದು ಬಲಿಯದ ಕಾಯಿಗೇ ಜನ ಕೈ ಹಾಕಿದರು, ಕೊಂಬೆಗಳನ್ನು ಕಡಿದರು. ಬೇಡಿಕೆ ಇಳಿದಾಗ ದರವೂ ಕುಸಿಯಿತು. ಮುರಿದ ಮರಗಳು ಮಾತ್ರ ನಮ್ಮ ಬೆಟ್ಟಗಳಲ್ಲಿ ಉಳಿದವು.

ಇಷ್ಟಾಗಿ ಆ ಸುದ್ದಿಯಾದರೂ ನಿಜವಿತ್ತೇ? ನ್ಯೂಯಾರ್ಕಿನ ವೈದ್ಯರು 135 ಜನರ ಮೇಲೆ 12 ವಾರ ನಡೆಸಿದ ಪರೀಕ್ಷೆಯ ಫಲ 1998ರಲ್ಲೇ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಉಪ್ಪಾಗೆಯ ಸಾರ ತೆಗೆದುಕೊಂಡವರಿಗೂ ಬರಿಯ ಹುಸಿ ಮಾತ್ರೆ ನುಂಗಿದವರಿಗೂ ತೂಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂಥ ಸಾರ ಸೇವಿಸಿದವರ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳೂ ದಾಖಲಾಗಿವೆ. ಗ್ರೀನ್ ಟೀಯ ಸಾರದ ಬಗ್ಗೆಯೂ ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಕೆ ಕೊಟ್ಟಿದೆ: ಎಲೆಯನ್ನು ನೀರಿಗೆ ಹಾಕಿ ಕುಡಿಯುವುದು ಸಾಮಾನ್ಯವಾಗಿ ಸುರಕ್ಷಿತ, ಅದರಲ್ಲಿರುವ ಕ್ಯಾಟೆಚಿನ್ ಎಂಬ ರಾಸಾಯನಿಕ ಅಂಶವನ್ನು ಪೂರಕ ಮಾತ್ರೆಗಳಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ನುಂಗಿದರೆ ಯಕೃತ್ತಿಗೆ ಅಪಾಯವಾಗಬಹುದು. ಎಲೆ ಬೇರೆ, ಸಾರ ಬೇರೆ. ಈ ಭೇದವನ್ನು ಯಾವ ಡಬ್ಬಿ ಹೇಳುತ್ತದೆ?

ನಾನು ಗ್ರೀನ್ ಟೀಯ ವಿರೋಧಿಯಲ್ಲ. ನೀಲಗಿರಿಯ ಬಿಡಿ ಎಲೆ ತರಿಸಿ ದಿನವೂ ಕುಡಿಯುತ್ತೇನೆ, ಅದಕ್ಕೆ ನಮ್ಮದೇ ಮುರುಗಲು, ಅಂದರೆ ಪುನರ್ಪುಳಿ ಹಣ್ಣಿನ ಸಿಪ್ಪೆ, ಬೆರೆಸುತ್ತೇನೆ. ಮುರುಗಲು ಉಪ್ಪಾಗೆಯ ಒಡಹುಟ್ಟಿದಂತೆ, ಆದರೆ ಏಪ್ರಿಲ್-ಮೇ ತಿಂಗಳಲ್ಲಿ ಹಣ್ಣಾಗುವುದರಿಂದ ಬಿಸಿಲಲ್ಲೇ ಒಣಗುತ್ತದೆ, ಕಟ್ಟಿಗೆ ಬೇಡ. ಹಣ್ಣನ್ನು ಎರಡು ಹೋಳು ಮಾಡಿ, ಬಿಳಿ ತಿರುಳಿನೊಂದಿಗೆ ಬೀಜ ತೆಗೆದು, ಉಪ್ಪು ಹಾಕದೆ ಅಂಗಳದ ಚಾಪೆಯ ಮೇಲೆ ಹರವಿದರೆ ಸಿಪ್ಪೆ ಕಪ್ಪುಗೆಂಪಾಗಿ ಗರಿಗರಿಯಾಗುತ್ತದೆ. ಕುದಿಸಿದ ನೀರನ್ನು ಕೆಲ ನಿಮಿಷ ಆರಲು ಬಿಟ್ಟು ಒಂದು ಚಮಚ ಎಲೆ, ಬೆರಳುದ್ದದ ಸಿಪ್ಪೆ, ಸ್ವಲ್ಪ ಮಜ್ಜಿಗೆ ಹುಲ್ಲು ಹಾಕಿ ಮುಚ್ಚಿಡುತ್ತೇನೆ. ಕುದಿಯುವ ನೀರು ಸುರಿದರೆ ಎಲೆ ಕಹಿ ಬಿಡುತ್ತದೆ. ಎರಡು ಮೂರು ನಿಮಿಷದಲ್ಲಿ ಸಿಪ್ಪೆಯ ಅಂಚಿನಿಂದ ಬಣ್ಣ ಎಳೆಯೆಳೆಯಾಗಿ ಇಳಿದು ಲೋಟವೆಲ್ಲ ಮಾಣಿಕ್ಯದ ಬಣ್ಣಕ್ಕೆ ತಿರುಗುತ್ತದೆ. ಎಸೆನ್ಸ್ ಬೇಡ, ಬಣ್ಣ ಬೇಡ.

ಒಂದು ಮಾತನ್ನು ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳಬೇಕು. ಯಾವುದೇ ಚಹಾವನ್ನು ಊಟದ ಜೊತೆಗೆ ಕುಡಿದರೆ ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ತೂಕ ಇಳಿಯಲೆಂದು ಊಟವಾದ ಕೂಡಲೇ ಈ ಚಹಾ ಕುಡಿಯುವ ಹುಡುಗಿಯರನ್ನು ನಾನೇ ಬಲ್ಲೆ. ಒಂದು ತಾಸಾದರೂ ಬಿಟ್ಟು ಕುಡಿಯಿರಿ ಎಂಬ ಒಂದು ಸಾಲು ಡಬ್ಬಿಯ ಮೇಲೆ ಇದ್ದರೆ ಯಾರಿಗೆ ನಷ್ಟ?

ಕಾನೂನು ಇಲ್ಲವೆಂದೇನಲ್ಲ. ಚಿತ್ರದಿಂದಲೋ ಮಾತಿನಿಂದಲೋ ಒಂದು ಪದಾರ್ಥವನ್ನು ಎದ್ದು ಕಾಣುವಂತೆ ಮಾಡಿದರೆ ಅದರ ಶೇಕಡಾ ಪ್ರಮಾಣವನ್ನು ತಿಳಿಸಬೇಕೆಂದು ಆಹಾರ ಸುರಕ್ಷತೆಯ ಲೇಬಲ್ ನಿಯಮಗಳೇ ಹೇಳುತ್ತವೆ. ದಾರಿ ತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ. ನಾನು ಕಂಡ ಡಬ್ಬಿಯಲ್ಲಿ ಸ್ಟ್ರಾಬೆರಿಯ ಪ್ರಮಾಣವೂ ಇರಲಿಲ್ಲ, ಗಾರ್ಸಿನಿಯಾದ ಪ್ರಮಾಣವೂ ಇರಲಿಲ್ಲ, ಕನ್ನಡದ ಒಂದಕ್ಷರವೂ ಇರಲಿಲ್ಲ.

ಜಿಲ್ಲೆಗಳ ಆಹಾರ ಸುರಕ್ಷತಾ ಅಧಿಕಾರಿಗಳು ಹೋಟೆಲುಗಳ ಮೇಲೆ ಮಾಡುವಷ್ಟೇ ತಪಾಸಣೆಯನ್ನು ಈ ಡಬ್ಬಿಗಳ ಮೇಲೂ ಮಾಡಲಿ. ಸ್ವಾದವಷ್ಟೇ ಇದ್ದರೆ ಹಣ್ಣಿನ ಚಿತ್ರ ತೆಗೆಸಲಿ. ತಯಾರಕರಿಗೆ ನಿಜವಾದ ಹಣ್ಣೇ ಬೇಕಿದ್ದರೆ ನಮ್ಮ ಮಹಿಳಾ ಸಂಘಗಳಲ್ಲಿ ಬಿಸಿಲಲ್ಲಿ ಒಣಗಿಸಿದ ಮುರುಗಲು ಸಿಪ್ಪೆ ಇದೆ; ಮಳೆ ಹಿಡಿಯುವ ಮೊದಲು ಬಂದು ಕೊಳ್ಳಲಿ.

— ಮುರುಗಲು ಬೆಳೆಗಾರ್ತಿ, ಸಿದ್ದಾಪುರ, ಉತ್ತರ ಕನ್ನಡ